ಸರ್ವರ್ ಡೌನ್ ಅಂದಾಗ ಏನು ಕೇಳಬೇಕು?

(ಸಂಘದ ವಾರ್ಷಿಕೋತ್ಸವದ ದಿನ ಸಮಾಜ ಮಂದಿರದಲ್ಲಿ ಆಡಿದ ಮಾತಿನ ಬರಹರೂಪ)



ವೇದಿಕೆ ಮೇಲಿರುವ ಹಿರಿಯರಿಗೆ, ಮುಂದೆ ಚಾಪೆ ಮೇಲೆ ಕೂತ ಅವ್ವ-ಅಕ್ಕಂದಿರಿಗೆ, ಹಿಂದೆ ಗ್ವಾಡಿಗೆ ಆತು ನಿಂತು ಮೊಬೈಲ್ ನೋಡ್ತಿರುವ ತಮ್ಮಂದಿರಿಗೂ ನಮಸ್ಕಾರ. ಮೊಬೈಲ್ ಜೇಬಿನಾಗ ಇಡ್ರಿ ಅಂತ ನಾನು ಹೇಳೋದಿಲ್ಲ. ಇವತ್ತಿನ ನನ್ನ ಮಾತೇ ಅದರೊಳಗೆ ಏನು ನಡೀತದ ಅನ್ನೋದರ ಬಗ್ಗೆ.

ಸಂಘದವರು ನನಗೆ ‘ಆನ್‌ಲೈನ್ ಶಿಕ್ಷಣ ಮತ್ತು ನಮ್ಮ ಯುವಕರು’ ಅಂತ ವಿಷಯ ಕೊಟ್ಟಿದ್ದರು. ವಿಷಯ ದೊಡ್ಡದಾತು. ನಾನು ಕಲಿತದ್ದು ಒಂದೇ ಕೋರ್ಸು, ಕಂಪ್ಯೂಟರ್ ನೆಟ್‌ವರ್ಕಿಂಗು. ವ್ಯಾಪಾರ, ಬ್ಯಾಂಕು, ಕಾರ್ಖಾನೆ, ಕಚೇರಿ ಇವುಗಳ ಲೆಕ್ಕಪತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೆಂಗ ಹೋಗ್ತದ, ನಡುವೆ ಯಾಕ ನಿಲ್ತದ ಅನ್ನೋ ವಿದ್ಯೆ. ಅಷ್ಟನ್ನೇ ಹೇಳ್ತೀನಿ.

ನಮ್ಮ ವಸ್ತಿಯಾಗ ಇಂಗ್ಲಿಷ್ ಬರದವರಿಗೂ ಬರುವ ಎರಡು ಇಂಗ್ಲಿಷ್ ಶಬ್ದ ಯಾವುವು ಹೇಳ್ರಿ? ‘ಸರ್ವರ್ ಡೌನ್’. ರೇಷನ್ ಅಂಗಡಿಯಾಗ ಹೆಬ್ಬೆರಳು ಒತ್ತಿದರೆ ಸರ್ವರ್ ಡೌನ್. ಜಾತಿ ದಾಖಲೆಗೆ ಸೇತು ಕೇಂದ್ರಕ್ಕೆ ಹೋದರೆ ಸರ್ವರ್ ಡೌನ್. ಬ್ಯಾಂಕಿನಾಗ ಅವ್ವನ ಪಿಂಚಣಿಗೆ ನಿಂತರೆ ಸರ್ವರ್ ಡೌನ್. ಮೊದಲೆಲ್ಲ ‘ಸಾಹೇಬರು ಇಲ್ಲ, ನಾಳೆ ಬಾ’ ಅಂತಿದ್ದರು. ಈಗ ಸಾಹೇಬರು ಎದುರಿಗೇ ಕೂತಿರ್ತಾರ, ಸರ್ವರ್ ಇರೋದಿಲ್ಲ.

ನನ್ನ ತಮ್ಮ ಹನ್ನೊಂದನೇತ್ತಕ್ಕೆ ಇದ್ದಾಗ ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ. ಇಬ್ಬರೂ ಕೂಲಿ ಬಿಟ್ಟು ಒಂದು ಕೇಂದ್ರದ ಮುಂದೆ ಬೆಳಿಗ್ಗೆಯಿಂದ ನಿಂತೆವು. ಒಳಗಿನವರು ಸಂಜೆ ಐದರ ತನಕ ಸರ್ವರ್ ಡೌನ್ ಅಂದರು. ಪಕ್ಕದ ಝೆರಾಕ್ಸ್ ಅಂಗಡಿಯವನ ಮೊಬೈಲಿನಾಗ ಅದೇ ಅರ್ಜಿಯ ಪುಟ ತೆರೆದಿತ್ತು, ನಾನು ಕಣ್ಣಾರೆ ನೋಡಿದೆ. ಆದ್ರ ಅದರ ಅರ್ಥ ಏನು ಅಂತ ಆಗ ತಿಳೀಲಿಲ್ಲ. ದೂರದ ಸರ್ವರ್ ನಿಜವಾಗಿ ಬಿದ್ದಿದ್ದರೆ ಅವನ ಮೊಬೈಲಿನಾಗೂ ತೆರೀಬಾರದಿತ್ತು. ಕೆಟ್ಟದ್ದು ಕೇಂದ್ರದ ಒಳಗಿನ ವೈರೋ, ರೂಟರೋ ಇರಬೇಕು. ಅಷ್ಟು ಗೊತ್ತಿದ್ದರೆ ಆ ಮೊಬೈಲಿನಿಂದಲೇ ಅರ್ಜಿ ತುಂಬಿಸ್ತಿದ್ದೆ. ತಮ್ಮನಿಗೆ ಆ ವರ್ಷದ ದುಡ್ಡು ಹೋಯ್ತು. ಅವನು ಎರಡು ತಿಂಗಳು ಕಾಲೇಜು ಬಿಟ್ಟು ಗಾರೆ ಕೆಲಸಕ್ಕೆ ಹೋದ.

ನಾನು ಓದಿದ್ದು ಬಿ.ಕಾಂ. ಹತ್ತನೇತ್ತದ ತನಕ ಕನ್ನಡ ಶಾಲೆ. ಮುಂದೆ ಒಮ್ಮೆಲೇ ಮರಾಠಿ, ಇಂಗ್ಲಿಷ್. ಗಡಿ ಮಕ್ಕಳ ಈ ಪಾಡು ನಿಮಗೆ ಹೊಸದಲ್ಲ. ಸೋಲಾಪುರದ ಒಂದು ಟವೆಲ್ ಕಾರ್ಖಾನೆಯಾಗ ಬಿಲ್ಲು ಬರೆಯೋ ಕೆಲಸ ಸಿಕ್ತು. ಆಫೀಸಿನಾಗ ನಾಲ್ಕು ಕಂಪ್ಯೂಟರ್, ಒಂದರಾಗ ಟ್ಯಾಲಿಯ ಲೆಕ್ಕ, ಉಳಿದ ಮೂರರಿಂದ ಅದನ್ನೇ ನೋಡೋದು. ಒಂದು ದೀಪಾವಳಿ ಮುಂದೆ, ಆರ್ಡರ್ ಮೈಮೇಲೆ ಬಿದ್ದ ಹೊತ್ತಿನಾಗ, ಟ್ಯಾಲಿ ಒಮ್ಮೆ ಬರ್ತದ, ಒಮ್ಮೆ ಹೋಗ್ತದ. ಮೂರು ದಿನ ಹಿಂಗೇ ನಡೀತು. ಹೊರಗಿನಿಂದ ಒಬ್ಬ ರಿಪೇರಿಯವನು ಬಂದ, ಹತ್ತು ನಿಮಿಷ ಏನೋ ಟೈಪ್ ಮಾಡಿದ, ಸರಿ ಆಯ್ತು. 1500 ರೂಪಾಯಿ ತಗೊಂಡ. ಏನಾಗಿತ್ರಿ ಅಂತ ಕೇಳಿದೆ. ‘ನಿಮಗೆ ತಿಳಿಯಂಗಿಲ್ಲ ಬಿಡ್ರಿ’ ಅಂದ.

ಆ ಒಂದು ಮಾತಿಗೆ ನಾನು ಕೋರ್ಸು ಸೇರಿದೆ. ಸಿಟ್ಟಿನಿಂದ ಸೇರಿದೆ ಅಂತಲೇ ತಿಳೀರಿ.

ಏನಾಗಿತ್ತು ಅಂದ್ರ, ಹೊಸದಾಗಿ ಸಿಸಿಟಿವಿ ಕೂಡಿಸಿದವನು ಅದರ ಪೆಟ್ಟಿಗೆಗೆ ಕೊಟ್ಟ ನಂಬರೂ ಟ್ಯಾಲಿ ಕಂಪ್ಯೂಟರಿನ ನಂಬರೂ ಒಂದೇ ಆಗಿತ್ತು. ಎರಡಕ್ಕೂ 192.168.1.10. ನೆಟ್‌ವರ್ಕಿನಾಗ ಪ್ರತಿ ಯಂತ್ರಕ್ಕೆ ಒಂದು ಐಪಿ ವಿಳಾಸ ಇರ್ತದ. ಒಂದೇ ಓಣಿಯಾಗ ಎರಡು ಮನೆಗೆ ಒಂದೇ ನಂಬರ್ ಬರೆದರೆ ಪೋಸ್ಟಿನವ ಏನು ಮಾಡ್ಯಾನು? ಒಮ್ಮೆ ಈ ಮನೆಗೆ ಹಾಕ್ತಾನ, ಒಮ್ಮೆ ಆ ಮನೆಗೆ. ಇಷ್ಟೇ. ಇದು ನಮಗೆ ತಿಳಿಯಂಗಿಲ್ಲ ಅಂತ ಯಾರು ಹೇಳಿದರು?

ಕೋರ್ಸಿನ ವಿಷಯಕ್ಕೆ ಬರ್ತೀನಿ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್ ಅಂತ ಅದ. ಕೇಂದ್ರ ಸರ್ಕಾರದ ಸ್ವಯಂ ಅನ್ನೋ ಜಾಲತಾಣದಾಗ ಅದರ ಪಾಠ ಸಿಗ್ತಾವ. ವರ್ಷಕ್ಕೆ ಎರಡು ಸಲ, ಜನವರಿಗೆ ಒಮ್ಮೆ, ಜುಲೈಗೆ ಒಮ್ಮೆ ಶುರುವಾಗ್ತಾವ. ಹೆಸರು ಹಚ್ಚೋದು, ಪಾಠ ನೋಡೋದು ಪೂರಾ ಪುಕ್ಕಟೆ. ನಾನು ಸೇರಿದ್ದು ಖರಗಪುರ ಐಐಟಿಯ 12 ವಾರದ ನೆಟ್‌ವರ್ಕ್ ಕೋರ್ಸು. ಪ್ರತಿ ವಾರ ಒಂದು ಅಸೈನ್‌ಮೆಂಟು. ಹನ್ನೆರಡರಲ್ಲಿ ಚಲೋ ಬಂದ ಎಂಟನ್ನು ಹಿಡಿದು 25 ಅಂಕ. ಕೊನೆಗೆ 75 ಅಂಕದ ಪರೀಕ್ಷೆ. ಅದನ್ನು ಮಾತ್ರ ಮನೆಯಿಂದ ಬರೆಯಾಕ ಬರೋದಿಲ್ಲ, ನಗರದ ಕೇಂದ್ರಕ್ಕೇ ಹೋಗಬೇಕು. ಪರೀಕ್ಷೆಗೆ ನಾನು ಕಟ್ಟುವಾಗ 1000 ರೂಪಾಯಿ ಇತ್ತು, ನಮ್ಮವರಿಗೆ ಜಾತಿ ದಾಖಲೆ ತೋರಿಸಿದರೆ 500. ಪರೀಕ್ಷೆ ಬೇಡ, ಬರೀ ಕಲಿತೀನಿ ಅಂದ್ರ ಒಂದು ಪೈಸೆ ಇಲ್ಲ.

ಪುಕ್ಕಟೆ ಅಂದೆ, ಹಗುರ ಅನ್ನಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಮೊಬೈಲು, ಅದೂ ಗಾಜು ಬಿರುಕು ಬಿಟ್ಟದ್ದು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು, ಮನೆ ಮಂದಿಗೆಲ್ಲ ಅದೇ. ಅರ್ಧ ತಾಸಿನ ಪಾಠ ಕಡಿಮೆ ಗುಣಮಟ್ಟಕ್ಕೆ ಇಟ್ಟು ನೋಡಿದರೆ ನನ್ನ ಫೋನಿನ ಲೆಕ್ಕಕ್ಕೆ ನೂರು, ನೂರೈವತ್ತು ಎಂಬಿ ಹೋಗ್ತಿತ್ತು. ಅವ್ವ ರಾತ್ರಿ ಬೀಡಿ ಕಟ್ಟುವಾಗ ಬಲ್ಬಿನ ಕೆಳಗೆ ಕೂತು ನಾನು ಪಾಠ ನೋಡ್ತಿದ್ದೆ. ‘ಆ ಮಾಸ್ತರ ಎಷ್ಟು ಜೋರಾಗಿ ಓಡ್ತಾನ’ ಅಂತಿದ್ದಳು ಅವ್ವ. ಖರೇನೇ, ಇಂಗ್ಲಿಷ್ ಓಡ್ತಿತ್ತು. ಮೊದಲ ಎರಡು ವಾರ ನನಗೆ ಹತ್ತರಲ್ಲಿ ಮೂರು ಮಾತು ತಿಳೀತಿದ್ದವು. ಆಮೇಲೆ ಒಂದು ದಾರಿ ಹುಡುಕಿದೆ. ಪಾಠದ ಬರಹರೂಪ ಪಿಡಿಎಫ್ ಆಗಿ ಸಿಗ್ತದ. ಅದನ್ನು ಇಳಿಸಿಕೊಂಡು ಮೊದಲು ಓದೋದು, ಆಮೇಲೆ ವಿಡಿಯೊ. ಕೆಲವು ಕೋರ್ಸುಗಳ ಬರಹ ಕನ್ನಡಕ್ಕೂ ಮರಾಠಿಗೂ ಆಗ್ಯಾವ. ನೀವು ಸೇರುವಾಗ ಮೊದಲು ಅದನ್ನೇ ನೋಡ್ರಿ.

ಪ್ಯಾಕೆಟ್ ಅನ್ನೋದು ನನಗೆ ತಿಳಿದದ್ದು ಅವ್ವನ ಬುಟ್ಟಿಯಿಂದ. ನಾವು ಕಳಿಸೋ ಫೋಟೊ ಇಡಿಯಾಗಿ ಹೋಗೋದಿಲ್ಲ. ಸಣ್ಣ ಸಣ್ಣ ತುಂಡಾಗ್ತದ, ಪ್ರತಿ ತುಂಡಿನ ಮೇಲೆ ಎಲ್ಲಿಂದ, ಎಲ್ಲಿಗೆ, ಎಷ್ಟನೇದು ಅಂತ ಬರೆದಿರ್ತದ. ಒಂದೊಂದು ಒಂದೊಂದು ದಾರಿ ಹಿಡಿದರೂ ಆ ಕಡೆ ಮುಟ್ಟಿದ ಮೇಲೆ ನಂಬರಿನ ಪ್ರಕಾರ ಕೂಡ್ತಾವ. ಬೀಡಿ ಕಟ್ಟು ಕಟ್ಟಿ, ಎಣಿಸಿ ಕೊಟ್ಟಂಗ. ಆದ್ರ ಒಂದು ಫರಕು ಅದ. ಪ್ಯಾಕೆಟ್ ದಾರಿಯಾಗ ಕಳೆದರೆ, ಕೆಟ್ಟರೆ, ಟಿಸಿಪಿ ಅನ್ನೋ ನಿಯಮ ‘ಇಷ್ಟನೇದು ಮುಟ್ಟಲಿಲ್ಲ, ಮತ್ತೆ ಕಳಿಸು’ ಅಂತದ. ಅವ್ವನ ಬೀಡಿ ಕೆಟ್ಟದ್ದು ಅಂತ ಕಾರಖಾನೆಯವರು ತೆಗೆದು ಹಾಕಿದರೆ, ಹಾಕಿದ್ದೂ ಹೋಯ್ತು, ಕೂಲಿನೂ ಹೋಯ್ತು. ಟಿಸಿಪಿ ನಿಯಮ ಬರೆದವರು, ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅಂತ ಇಬ್ಬರು, 1974ರಲ್ಲಿ ಅದನ್ನು ಪ್ರಕಟಿಸಿದರು. ಅಮೆರಿಕದ ಆರ್ಪಾನೆಟ್ ಜಾಲ ಪೂರಾ ಆ ನಿಯಮಕ್ಕೆ ಬದಲಾದದ್ದು 1983ರ ಜನವರಿ 1ಕ್ಕೆ. ನಮ್ಮ ದೇಶದಾಗ ಸಾಮಾನ್ಯ ಮಂದಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ.

ನಾಲ್ಕನೇ ವಾರಕ್ಕೆ ನನಗೆ ಗ್ವಾಡಿ ಅಡ್ಡ ಬಂತು. ಸಬ್‌ನೆಟ್ ಲೆಕ್ಕ. ಸೊನ್ನೆ ಮತ್ತು ಒಂದು, ಎರಡೇ ಅಂಕಿಯಾಗ ಎಣಿಸೋದು. ಮೊದಲ ಸಲದ ಪರೀಕ್ಷೆಯಾಗ ನನಗೆ 75ಕ್ಕೆ ಬಂದದ್ದು 22. ಪಾಸಾಗಾಕ 30 ಬೇಕು. ನಪಾಸು. ಮನೆಯಾಗ ಯಾರಿಗೂ ಹೇಳಲಿಲ್ಲ. ಐನೂರು ರೂಪಾಯಿ ಹೋಯ್ತಲ್ಲ ಅನ್ನೋದೇ ಹೊಟ್ಟೆ ಉರಿ.

ಆ ಲೆಕ್ಕ ಕಲಿಸಿದ್ದು ಯಾವ ವಿಡಿಯೊನೂ ಅಲ್ಲ, ಚೌಕಾಬಾರಾ. ನಮ್ಮ ಆಯಿ ಆಡುವಾಗ ಒಡೆದ ಹುಣಸೆ ಬೀಜ ಉರುಳಿಸ್ತಾಳಲ್ಲ, ಒಂದು ಮೈ ಬಿಳಿ, ಒಂದು ಮೈ ಕರಿ. ಎಂಟು ಬೀಜ ಸಾಲಾಗಿ ಇಟ್ಟೆ. ಎಡಗಡೆಯ ಬೀಜಕ್ಕೆ 128, ಮುಂದಿನದಕ್ಕೆ 64, ಆಮೇಲೆ 32, 16, 8, 4, 2, 1. ಬಿಳಿ ಮೇಲೆ ಬಂದರೆ ಆ ಅಂಕಿ ಹಿಡಿಯೋದು, ಕರಿ ಬಂದರೆ ಬಿಡೋದು. ಮೊದಲ ಎರಡು ಬಿಳಿ, ಉಳಿದವು ಕರಿ ಅಂದ್ರ 128ಕ್ಕೆ 64 ಕೂಡಿಸಿ 192. ಒಂದನೇದು, ಮೂರನೇದು, ಐದನೇದು ಬಿಳಿ ಅಂದ್ರ 128, 32, 8 ಕೂಡಿ 168. ಆಯ್ತಲ್ಲ, 192.168 ಅಂತ ನಿಮ್ಮ ಮನೆ ರೂಟರಿನ ಹಿಂದೆ ಬರೆದದ್ದು ಇದೇ. ಎಂಟೂ ಬಿಳಿ ಆದರೆ 255, ಅದಕ್ಕಿಂತ ಮೇಲೆ ಹೋಗೋದಿಲ್ಲ. ಇಂಥ ಎಂಟೆಂಟು ಬೀಜದ ನಾಲ್ಕು ಸಾಲು ಕೂಡಿ ಒಂದು ವಿಳಾಸ, ಒಟ್ಟು 32 ಬೀಜ. ಹಂಗ ಆಗೋ ವಿಳಾಸ ಸುಮಾರು 429 ಕೋಟಿ. ಜಗತ್ತಿನ ಮಂದಿಗೇ ಸಾಲೋದಿಲ್ಲ, ಅದಕ್ಕೇ 128 ಬೀಜದ ಐಪಿವಿ6 ಅನ್ನೋ ಹೊಸ ವಿಳಾಸ ಬಂದದ.

ಸಬ್‌ನೆಟ್ ಅಂದ್ರ ಹೊಲ ಹರಕೊಂಡಂಗ. 256 ವಿಳಾಸದ ಒಂದು ಹೊಲ ಅದ ಅನ್ನಿ. ನಾಲ್ಕು ಪಾಲು ಮಾಡಿದರೆ ಪಾಲಿಗೆ 64. ಪ್ರತಿ ಪಾಲಿನಾಗ ಮೊದಲನೇದು ಪಾಲಿನ ಹೆಸರಿಗೆ, ಕೊನೇದು ಎಲ್ಲರಿಗೂ ಡಂಗುರ ಸಾರಾಕ. ಯಂತ್ರಗಳಿಗೆ ಉಳಿಯೋದು 62. ಕಾರ್ಖಾನೆಯಾಗ ಆಫೀಸಿಗೆ ಒಂದು ಪಾಲು, ಸಿಸಿಟಿವಿಗೆ ಒಂದು, ಬಂದು ಹೋಗೋ ಮಂದಿಯ ಮೊಬೈಲಿಗೆ ಒಂದು. ಹಿಂಗ ಬೇರೆ ಮಾಡಿ ನಡುವೆ ಕಾವಲು ಇಟ್ಟರೆ ಬಂದವರ ಮೊಬೈಲಿನಿಂದ ಯಾರೂ ಲೆಕ್ಕದ ಪುಸ್ತಕಕ್ಕೆ ಕೈ ಹಾಕಾಕ ಆಗೋದಿಲ್ಲ. ಎರಡನೇ ಸಲ ನನಗೆ ಬಂದದ್ದು 61. ಹುಣಸೆ ಬೀಜ ಇನ್ನೂ ಡಬ್ಬಿಯಾಗ ಅದಾವ, ಆಯಿ ಕೇಳಿದರೂ ಕೊಟ್ಟಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಒಂದು ದಿನ ಆಫೀಸಿನ ಹುಡುಗ ನೆಲದ ಮೇಲೆ ಬಿದ್ದಿದ್ದ ವೈರಿನ ತುದಿ ನೋಡಿ, ಬಿಚ್ಚಿಹೋಗ್ಯದ ಅಂತ ಸ್ವಿಚ್ಚಿಗೆ ಚುಚ್ಚಿದ. ಅದರ ಇನ್ನೊಂದು ತುದಿನೂ ಅದೇ ಸ್ವಿಚ್ಚಿನಾಗೇ ಇತ್ತು. ಸಂದೇಶ ಗಾಣದ ಎತ್ತಿನಂಗ ಸುತ್ತಿ ಸುತ್ತಿ ಇಡೀ ಜಾಲ ನಿಂತಿತು. ಎಲ್ಲ ದೀಪ ಒಮ್ಮೆಲೇ ಪಟಪಟ ಮಿನುಗೋದು ನೋಡಿ ನನಗೆ ಗುರುತು ಸಿಕ್ತು, ಒಂದು ತುದಿ ಕಿತ್ತೆ, ಸರಿಯಾಯ್ತು. ಇಂಥ ಸುತ್ತು ಬಿದ್ದರೆ ಸ್ವಿಚ್ಚುಗಳು ತಾವೇ ಹುಡುಕಿ ಒಂದು ದಾರಿ ಮುಚ್ಚುವ ಉಪಾಯವನ್ನು 1985ರಲ್ಲಿ ಕಂಡುಹಿಡಿದದ್ದು ರೇಡಿಯಾ ಪರ್ಲ್‌ಮನ್ ಅನ್ನೋ ಹೆಣ್ಣುಮಗಳು. ನಮ್ಮ ಆಫೀಸಿನ ಅಗ್ಗದ ಸ್ವಿಚ್ಚಿನಾಗ ಆ ಉಪಾಯ ಇರಲಿಲ್ಲ, ಅದಕ್ಕೇ ನನ್ನ ಕೈ ಬೇಕಾತು.

ಇನ್ನೊಂದು ಸಂಗತಿ. ಇದನ್ನು ಹೇಳಬೇಕೋ ಬೇಡವೋ ಅಂತ ನಿನ್ನೆ ರಾತ್ರಿ ತನಕ ಯೋಚನೆ ಮಾಡಿದೆ.

ಮಾಲಕರ ಬೀಗರ ಮನೆಯಾಗ ಇಂಟರ್ನೆಟ್ ಬಂದ್ ಆಗಿತ್ತು. ‘ನೀ ಹೋಗಿ ನೋಡಿ ಬಾರವಾ’ ಅಂತ ಮಾಲಕರು ಕಳಿಸಿದರು. ಬಾಗಿಲಾಗ ಆ ಮನೆಯ ಹಿರಿಯಾಕೆ ಕೂತಿದ್ದಳು. ‘ನೀ ಯಾರ ಪೈಕಿ?’ ಅಂತ ಕೇಳಿದಳು. ನಮ್ಮ ವಸ್ತಿಯ ಹೆಸರು ಹೇಳಿದೆ. ‘ಹೌದಾ, ಅಲ್ಲೇ ಕಟ್ಟೆ ಮೇಲೆ ಕೂಡು, ಆ ಡಬ್ಬಿ ಹೊರಗೆ ತರಿಸ್ತೀನಿ’ ಅಂದಳು. ಒಬ್ಬ ಆಳು ರೂಟರ್ ಕಿತ್ತು ತಂದು ನನ್ನ ಮುಂದೆ ಇಟ್ಟ. ಕರೆಂಟಿಲ್ಲ, ವೈರಿಲ್ಲ, ಬರೀ ಡಬ್ಬಿ. ರೋಗಿಯನ್ನು ಒಳಗೆ ಬಿಟ್ಟು ಅವನ ಅಂಗಿ ತಂದು ಡಾಕ್ಟರ್ ಮುಂದೆ ಇಟ್ಟಂಗ.

‘ಆಯಿ, ಕೆಟ್ಟದ್ದು ಒಳಗಿನ ಲೈನು ಇರಬೇಕು, ಒಳಗೆ ಬರದೆ ಹೆಂಗ ನೋಡ್ಲಿ’ ಅಂದೆ. ಆಕೆ ಕೇಳದವರಂಗ ಮುಖ ತಿರುವಿದಳು. ಅಷ್ಟರಾಗ ಕಾಲೇಜು ಹುಡುಗ, ಆಕೆಯ ಮೊಮ್ಮಗ ಬಂದ. ಅವನಿಗೆ ನಾಚಿಕೆ ಆಗಿತ್ತು, ಮುಖದಾಗ ಕಾಣ್ತಿತ್ತು. ‘ಅಕ್ಕಾ, ನಾನು ವಿಡಿಯೊ ಕಾಲ್ ಮಾಡಿ ತೋರಿಸ್ಲೇನು?’ ಅಂದ. ರೂಟರನ್ನು ಒಳಗೆ ಒಯ್ದು ಹಚ್ಚಿದ. ಮನೆಯ ಒಳಗಿನಿಂದ ಅವನು, ಕಟ್ಟೆ ಮೇಲಿನಿಂದ ನಾನು, ನಡುವೆ ಒಂದು ಗ್ವಾಡಿ. ಮಾತು ಮಾತ್ರ ಮೊಬೈಲ್ ಟವರಿಗೆ ಹೋಗಿ ಬರ್ತಿತ್ತು. ರೂಟರಿನಾಗ ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ದೀಪ ಹತ್ತಿತ್ತು. ಅಂದ್ರ ಬೆಳಕು ಮುಟ್ಟುತ್ತಿಲ್ಲ. ಫೈಬರ್ ಅಂದ್ರ ಕೂದಲಿಗಿಂತ ಸಣ್ಣ ಗಾಜಿನ ತಿರುಳು, ಅದರೊಳಗೆ ಬೆಳಕು ಪುಟಿಯುತ್ತ ಹೋಗ್ತದ. ಅದನ್ನು ತೀರಾ ಮಡಚಿದರೆ ಬೆಳಕು ಸೋರಿ ಹೋಗ್ತದ. ‘ಸಣ್ಣ ಹಳದಿ ವೈರ್ ಹಿಡಕೊಂಡು ಹಿಂದೆ ಹಿಂದೆ ಹೋಗು, ಎಲ್ಲಿ ಮಡಚ್ಯದ ನೋಡು’ ಅಂದೆ. ಹೊಸ ಕಪಾಟು ಸರಿಸಿ ಗ್ವಾಡಿಗೆ ಒತ್ತಿದ್ದರು, ವೈರು ಅದರ ಹಿಂದೆ ನಡು ಮುರಿದಂಗ ಬಾಗಿತ್ತು. ಕಪಾಟು ನಾಲ್ಕು ಬೆರಳು ಮುಂದೆ ಎಳೆಸಿದೆ. ದೀಪ ಹಸಿರಾಯ್ತು.

ಮರುದಿನ ಮಾಲಕರು ಆಫೀಸಿನಾಗ ಎಲ್ಲರ ಮುಂದೆ ಹೊಗಳಿದರು. ‘ಹೊರಗೆ ನಿಂತೇ ಒಳಗಿನ ಫಾಲ್ಟ್ ಹಿಡಿದಳು’ ಅಂದರು. ನಾನು ಯಾಕ ಹೊರಗೆ ನಿಂತಿದ್ದೆ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೆಲಸ ಹೋದೀತು ಅಂತ ಹೆದರಿಕೆ. ವೈರಿಗೆ ಜಾತಿ ಇಲ್ಲ, ತಂತ್ರಜ್ಞಾನ ಬಂದರೆ ಎಲ್ಲ ಸರಿ ಆಗ್ತದ ಅಂತ ಭಾಷಣದಾಗ ಹೇಳ್ತಾರಲ್ಲ, ಆ ಮಾತು ಕೇಳಿದಾಗೆಲ್ಲ ನನಗೆ ಆ ಕಟ್ಟೆ ನೆನಪಾಗ್ತದ. ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ ಕೆರೆಗೆ ಇಳಿದದ್ದು ನೀರಿಗೆ ಜಾತಿ ಅದ ಅಂತಲ್ಲ, ದಂಡೆಗೆ ಅದ ಅಂತ.

ಆ ಹುಡುಗ ಈಗಲೂ ಫೋನ್ ಮಾಡ್ತಾನ. ಅವನೂ ಇದೇ ಕೋರ್ಸಿಗೆ ಹೆಸರು ಹಚ್ಯಾನ. ಸಬ್‌ನೆಟ್ ತಿಳೀಲಿಲ್ಲ ಅಂದ. ಕಲೀಬೇಕಂದ್ರ ನಮ್ಮ ಮನೆಗೆ ಬಾ, ಹುಣಸೆ ಬೀಜ ಇಲ್ಲಿ ಅದಾವ ಅಂದೆ. ಎರಡು ಸಲ ಬಂದ, ಅವ್ವನ ಕೈಯ ಚಹಾ ಕುಡಿದು ಹೋದ.

ಕೆಲಸದ ಬಗ್ಗೆ ನಿಜ ಹೇಳ್ತೀನಿ, ಯಾಕಂದ್ರ ಇಲ್ಲಿ ಕೂತ ತಂದೆ-ತಾಯಿಗಳಿಗೆ ಬೇಕಾದ್ದು ಅದೇ. ಬರೀ ಸರ್ಟಿಫಿಕೇಟಿಗೆ ಯಾರೂ ಕೆಲಸ ಕೊಡಲಿಲ್ಲ. ಕೆಲಸ ಮಾಡಿ ತೋರಿಸಿದ ಮೇಲೆ ಪಗಾರ ತಿಂಗಳಿಗೆ ಎರಡೂವರೆ ಸಾವಿರ ಏರಿತು, ಈಗ ಮಾಲಕರ ಮೂರೂ ಯೂನಿಟ್ಟಿನ ನೆಟ್‌ವರ್ಕ್ ನನ್ನ ಕೈಯಾಗ ಅದ. ಇಷ್ಟೇ. ಲಕ್ಷ ಲಕ್ಷ ಪಗಾರ ಅಂತ ಯಾರಾದರೂ ಹೇಳಿದರೆ ನಂಬಬ್ಯಾಡ್ರಿ. ನಮ್ಮ ವಸ್ತಿಯ ನಾಲ್ಕು ಹುಡುಗರು ‘ನೂರಕ್ಕೆ ನೂರು ಕೆಲಸದ ಗ್ಯಾರಂಟಿ’ ಅನ್ನೋ ಒಂದು ಖಾಸಗಿ ಕ್ಲಾಸಿಗೆ ತಲಾ 18,000 ಕಟ್ಟಿದರು. ಒಬ್ಬನ ಅವ್ವ ಕಿವಿಯಾಗಿನದು ಒತ್ತೆ ಇಟ್ಟಿದ್ದಳು. ಇಪ್ಪತ್ತು ದಿನ ಪಾಠ ಆಯ್ತು, ಆಮೇಲೆ ಬೀಗ.

ಅಂಥ ಕ್ಲಾಸಿಗೆ ಹೋಗೋ ಮುಂದೆ ಒಂದೇ ಪ್ರಶ್ನೆ ಕೇಳ್ರಿ. ‘ಸಿಸಿಎನ್‌ಎ ಕಲಿಸ್ತೀವಿ ಅಂತೀರಲ್ಲ, ಸಿಸ್ಕೊ ಕಂಪನಿಯ ಪರೀಕ್ಷೆ ಫೀ ಇದರಾಗೇ ಅದ ಏನು?’ ಆ ಪರೀಕ್ಷೆಗೇ 300 ಡಾಲರ್ ಬೇಕು, ನಮ್ಮ ಲೆಕ್ಕಕ್ಕೆ ಇಪ್ಪತ್ತು ಸಾವಿರಕ್ಕೂ ಮೇಲೆ. ಕ್ಲಾಸಿನವರು ಕೊಡೋ ಕಾಗದ ಬೇರೆ, ಕಂಪನಿ ಕೊಡೋದು ಬೇರೆ. ಕಲಿಯಾಕ ಅವರ ಪ್ಯಾಕೆಟ್ ಟ್ರೇಸರ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತದ. ರೂಟರ್, ಸ್ವಿಚ್ಚು ಕೊಳ್ಳದೆ ಪರದೆ ಮೇಲೇ ಕೂಡಿಸಿ, ಕೆಡಿಸಿ, ಸರಿ ಮಾಡಿ ಕಲೀಬಹುದು.

ಈಗ ಮೊದಲಿನ ಮಾತಿಗೆ ಬರ್ತೀನಿ. ಇನ್ನು ಮ್ಯಾಲೆ ಯಾರಾದರೂ ಸರ್ವರ್ ಡೌನ್ ಅಂದ್ರ ಸುಮ್ಮನೆ ತಿರುಗಿ ಬರಬ್ಯಾಡ್ರಿ. ‘ಸಾಹೇಬರ, ಬೇರೆ ಯಾವ ಪುಟನಾದರೂ ತೆರೀತದೇನ್ರಿ?’ ಅಂತ ಕೇಳ್ರಿ. ಯಾವುದೂ ತೆರೀದಿದ್ದರೆ ಕೆಟ್ಟದ್ದು ಇಲ್ಲಿಯ ಲೈನು, ದೂರದ ಸರ್ವರ್ ಅಲ್ಲ. ಬೇರೆಲ್ಲ ತೆರೆದು ಅದೊಂದೇ ತೆರೀದಿದ್ದರೆ ನಿಮ್ಮ ಮೊಬೈಲಿನ ಡೇಟಾದಿಂದ ಅದನ್ನೇ ತೆಗೆದು ನೋಡ್ರಿ. ಅಲ್ಲೂ ತೆರೀಲಿಲ್ಲ ಅಂದ್ರ ಬಹುತೇಕ ಸರ್ವರ್ ಬಿದ್ದದ. ತೆರೆದರೆ ಪರದೆಯ ಫೋಟೊ ಹೊಡೀರಿ, ತಾರೀಖು, ವೇಳೆ ಕಾಣೋ ಹಂಗ. ಕೊನೇ ದಿನದ ಅರ್ಜಿ ಇದ್ದರೆ ಆ ಫೋಟೊ ಹಚ್ಚಿ ಸಮಾಜ ಕಲ್ಯಾಣ ಕಚೇರಿಗೆ ಬರಹದಾಗ ತಕರಾರು ಕೊಡ್ರಿ, ಪೋಚಪಾವತಿ ತಗೊಳ್ರಿ. ಹೋದ ವರ್ಷ ನಮ್ಮ ಇಬ್ಬರು ಹುಡುಗಿಯರು ಹಿಂಗೇ ಕೇಳಿದರು. ಒಳಗಿನವರು ಎದ್ದು ಹೋಗಿ ರೂಟರ್ ಬಂದ್ ಮಾಡಿ ಚಾಲೂ ಮಾಡಿದರು. ಐದು ನಿಮಿಷಕ್ಕೆ ಅರ್ಜಿ ಹೋಯ್ತು.

ಸಂಘದವರು ವಾಚನಾಲಯಕ್ಕೆ ಫೈಬರ್ ಲೈನು ತರ್ತೀವಿ ಅಂತ ಇವತ್ತು ಘೋಷಣೆ ಮಾಡ್ಯಾರ. ಬಹಳ ಸಂತೋಷ. ಒಂದು ಅರಿಕೆ ಅದ, ಅಧ್ಯಕ್ಷರು ಸಿಟ್ಟಾಗಬಾರದು. ರೂಟರನ್ನು ಅವರ ಕುರ್ಚಿ ಹಿಂದಿನ ಕಬ್ಬಿಣದ ಕಪಾಟಿನಾಗ ಇಡಬ್ಯಾಡ್ರಿ. ಕಬ್ಬಿಣ ಸಿಗ್ನಲ್ ತಡೀತದ. ನಡುವಿನ ಕಂಬಕ್ಕೆ, ಆಳೆತ್ತರಕ್ಕಿಂತ ಮೇಲೆ ಹಚ್ಚಿದರೆ ಹಿಂದಿನ ಹೆಣ್ಣುಮಕ್ಕಳ ಕೋಣೆಗೂ ಮುಟ್ತದ. ಪಾಸ್‌ವರ್ಡು ಒಬ್ಬರ ಕಿಸೆಯಾಗ ಇರಬಾರದು, ಅಭ್ಯಾಸಕ್ಕೆ ಬರೋ ಎಲ್ಲರಿಗೂ ಕೊಡಬೇಕು.

ಬರೋ ರವಿವಾರ ಮುಂಜಾನೆ ಹತ್ತಕ್ಕೆ ನಾನು ಇಲ್ಲೇ ಇರ್ತೀನಿ. ವೈರಿಗೆ ತುದಿ ಕೂಡಿಸೋ ಕ್ರಿಂಪರ್ ತರ್ತೀನಿ, ಹಳೇ ಕೇಬಲ್ಲೂ ಐವತ್ತು ಮೀಟರ್ ಅದ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ಈ ಎಂಟು ಬಣ್ಣದ ಸಾಲು ಬಾಯಿಪಾಠ ಮಾಡಿಕೊಂಡು ಬರ್ರಿ. ಜುಲೈ ಕೋರ್ಸಿಗೆ ಹೆಸರು ಹಚ್ಚೋರು ಆಧಾರ್, ಜಾತಿ ದಾಖಲೆ, ಒಂದು ಇಮೇಲ್ ತರ್ರಿ. ಇಮೇಲ್ ಇಲ್ಲದವರಿಗೆ ಅಲ್ಲೇ ಮಾಡಿ ಕೊಡ್ತೀನಿ. ಹುಣಸೆ ಬೀಜ ಮಾತ್ರ ನಿಮ್ಮವೇ ತರ್ರಿ.

ಜೈ ಭೀಮ್.